ಘನಾರ್ಬುದವೂ ದೇಹದ ಕಾವಲು ಕಣಗಳೂ

ಸಂಸ್ಕೃತ ಕೋಶಗಳಲ್ಲಿ ‘ಅರ್ಬುದ’ ಎಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಹತ್ತು ಕೋಟಿಯೆಂಬ ಮಹಾಸಂಖ್ಯೆಗೆ ಆ ಹೆಸರು. ರಾಜಸ್ಥಾನದ ಆಬು ಪರ್ವತಕ್ಕೂ ಅದೇ ಹೆಸರು. ಶರೀರದೊಳಗೆ ಮಾಂಸವು ಕೆಟ್ಟು ಬೆಳೆಯುವ ಗಂಟಿಗೂ ಅದೇ ಹೆಸರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಈ ವ್ಯಾಧಿಯ ಲಕ್ಷಣವನ್ನು ಹೇಳುವಾಗ ಆಚಾರ್ಯನು, ಅದು ಉರುಟಾಗಿ, ಅಲುಗದೆ ನಿಂತು, ಅಲ್ಪ ನೋವುಳ್ಳದ್ದಾಗಿ, ಆಳಕ್ಕೆ ಬೇರೂರಿ, ನಿಧಾನವಾಗಿ ಬೆಳೆಯುತ್ತ, ಕೀವುಗಟ್ಟದೆ ಉಳಿಯುವುದೆಂದು ಒಂದೊಂದಾಗಿ ಎಣಿಸಿದ್ದಾನೆ. ಒಮ್ಮೆ ಬಂದೆಡೆಯಲ್ಲೇ ಮತ್ತೊಂದು ಹುಟ್ಟಿದರೆ ಅದಕ್ಕೆ ‘ಅಧ್ಯರ್ಬುದ’ವೆಂಬ ಬೇರೆ ಹೆಸರನ್ನೂ ಕೊಟ್ಟಿದ್ದಾನೆ. ಇದನ್ನು ಮುಂದಿಟ್ಟುಕೊಂಡು, ಇಂದಿನ ವೈದ್ಯವಿಜ್ಞಾನವೆಲ್ಲ ಪ್ರಾಚೀನರಿಗೆ ತಿಳಿದೇ ಇತ್ತೆಂದು ಜಂಬ ಕೊಚ್ಚುವವರಿಗೆ ಕೊರತೆಯಿಲ್ಲ. ಅದು ಸಲ್ಲದು. ಆಚಾರ್ಯನ ಹಿರಿಮೆ ಎಲ್ಲವನ್ನೂ ಬಲ್ಲವನಾಗಿದ್ದುದರಲ್ಲಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿ, ಅಸಾಧ್ಯವಾದ ಅರ್ಬುದವನ್ನು ಅಸಾಧ್ಯವೆಂದೇ ಬರೆದುದರಲ್ಲಿದೆ.

ಇಂದು ಆ ಗುಣವೇ ವಿರಳವಾಗುತ್ತಿದೆ. ರೋಗಿಯ ಸ್ವಂತ ರಕ್ತಕಣಗಳನ್ನೇ ತೆಗೆದು, ತಿದ್ದಿ, ಪಳಗಿಸಿ, ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆಯೊಂದು ಬಂದಿದೆಯೆಂಬ ವಾರ್ತೆ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಆಗಾಗ್ಗೆ ಪ್ರಕಟವಾಗುತ್ತದೆ. ವಾರ್ತೆ ಸುಳ್ಳಲ್ಲ. ಆದರೆ ಅದರ ನೆತ್ತಿಯ ಮೇಲೆ ‘ಪವಾಡ’, ‘ರಾಮಬಾಣ’, ‘ಸಂಜೀವಿನಿ’ ಎಂಬ ಮೂರರಲ್ಲೊಂದು ಶಬ್ದ ಕುಳಿತಿರದಿದ್ದರೆ ಬರೆದವರಿಗೂ ತೃಪ್ತಿಯಿಲ್ಲ, ಓದುವವರಿಗೂ ರುಚಿಯಿಲ್ಲ. ಹೊಟ್ಟೆಯಲ್ಲಿಯೋ ಬಾಯಲ್ಲಿಯೋ ಗಡ್ಡೆಯೆದ್ದು ಹಾಸಿಗೆ ಹಿಡಿದವನ ಮನೆಯವರು ಆ ಶಬ್ದವನ್ನು ಅಲಂಕಾರವೆಂದು ಓದುವುದಿಲ್ಲ, ಮಾತೆಂದು ಓದುತ್ತಾರೆ. ಎರಡೆಕರೆ ಹೊಲ ಮಾರಿದರೆ ತಂದೆ ಉಳಿದಾನೆಂದು ಲೆಕ್ಕ ಹಾಕುತ್ತಾರೆ. ಪವಾಡವೆಂದರೆ ಕಾರಣ ಕೇಳಬಾರದ್ದು, ಎರಡನೆಯ ಸಲ ನಡೆಯಬೇಕೆಂಬ ನಿಯಮವಿಲ್ಲದ್ದು. ಚಿಕಿತ್ಸೆಯೆಂದರೆ ಕಾರಣ ಕೇಳಲೇಬೇಕಾದದ್ದು. ಎಷ್ಟು ಮಂದಿಗೆ ಕೊಟ್ಟರೆ ಎಷ್ಟು ಮಂದಿ ಉಳಿದರೆಂದು ಲೆಕ್ಕ ಒಪ್ಪಿಸಬೇಕಾದದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಭಾಷೆಗೂ ಅಪಚಾರ, ರೋಗಿಗೂ ಅಪಚಾರ.

ಈ ವಿದ್ಯೆಯ ಮೂಲ ಅಷ್ಟು ಹೊಸದೇನೂ ಅಲ್ಲ. ಚರ್ಮದ ಸೋಂಕು ತಗುಲಿ ತೀವ್ರ ಜ್ವರ ಬಂದ ರೋಗಿಯೊಬ್ಬನ ಗಡ್ಡೆ ತಾನಾಗಿಯೇ ಕರಗಿದ ವೃತ್ತಾಂತವನ್ನು ತಿಳಿದು, ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲಿ ರೋಗಾಣುಗಳನ್ನೇ ಗಡ್ಡೆಗೆ ಚುಚ್ಚಿ ನೋಡಿದನು. ದೇಹದ ಕಾವಲು ಶಕ್ತಿಯನ್ನು ಎಬ್ಬಿಸಿದರೆ ಅದು ಅರ್ಬುದವನ್ನೂ ಕಡಿಯಬಲ್ಲುದೆಂಬ ಸುಳಿವು ಅಲ್ಲಿ ದೊರೆಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ 1988ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಮೆಲನೋಮವೆಂಬ ಚರ್ಮದ ಕ್ಯಾನ್ಸರಿನ ಗಡ್ಡೆಯನ್ನು ಕತ್ತರಿಸಿ ತೆಗೆದು, ಅದರೊಳಕ್ಕೆ ಆಗಲೇ ನುಸುಳಿದ್ದ ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳನ್ನು ಬೇರ್ಪಡಿಸಿ, ಹೊರಗೆ ಬೆಳೆಸಿ, ಮರಳಿ ಅದೇ ರೋಗಿಯ ರಕ್ತಕ್ಕೆ ಸೇರಿಸಿದರು. ಇಪ್ಪತ್ತು ಮಂದಿಯಲ್ಲಿ ಅರ್ಧಕ್ಕೂ ಮಿಕ್ಕವರ ಗಡ್ಡೆಗಳು ಕುಗ್ಗಿದವು.

ಆದರೆ ಎಲ್ಲ ಗಡ್ಡೆಗಳೊಳಗೂ ಅಂತಹ ಕಣಗಳು ದೊರೆಯುವುದಿಲ್ಲ. ದೊರೆತರೂ ಶತ್ರುವನ್ನು ಗುರುತಿಸುವ ಕಣ್ಣು ಅವಕ್ಕಿರುವುದಿಲ್ಲ. ಹಾಗಾದರೆ ಆ ಕಣ್ಣನ್ನು ಕೃತಕವಾಗಿ ಕೂಡಿಸಲಾಗದೆ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್‌ಹಾರ್ ಮತ್ತು ಸಂಗಡಿಗರು 1989ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ರೋಗನಿರೋಧಕ ವ್ಯವಸ್ಥೆಯಲ್ಲಿ ಗುರುತು ಹಿಡಿಯುವ ಕೆಲಸಕ್ಕೆ ಪ್ರತಿಕಾಯವೆಂಬ ಪ್ರೋಟೀನು ಹೆಸರಾದದ್ದು. ಕೊಲ್ಲುವ ಕೆಲಸಕ್ಕೆ ಟಿ-ಕೋಶ ಹೆಸರಾದದ್ದು. ಪ್ರತಿಕಾಯದ ತುದಿಯನ್ನು ಹೊರಗಿಟ್ಟು, ಟಿ-ಕೋಶವನ್ನು ಎಚ್ಚರಿಸುವ ಭಾಗವನ್ನು ಒಳಗಿಟ್ಟು, ಎರಡನ್ನೂ ಬೆಸೆದು ಒಂದೇ ಗ್ರಾಹಕವನ್ನಾಗಿ ಅವರು ರಚಿಸಿದರು. ಇಂದು ಅದಕ್ಕೆ ಚೈಮೆರಿಕ್ ಆಂಟಿಜನ್ ರಿಸೆಪ್ಟರ್ ಎಂದು ಹೆಸರು, ಸಂಕ್ಷೇಪವಾಗಿ ‘ಕಾರ್’. ಚೈಮೆರ ಎಂಬುದು ಗ್ರೀಕರ ಪುರಾಣದ ಮೃಗ: ಸಿಂಹದ ಮುಖ, ಆಡಿನ ಒಡಲು, ಹಾವಿನ ಬಾಲ. ಬೇಲೂರು ಹಳೇಬೀಡುಗಳ ಗೋಡೆಯ ಮೇಲೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಗರಿಗಳನ್ನು ಕೂಡಿಸಿ ಕಡೆದ ಮಕರವನ್ನು ನೋಡಿದವರಿಗೆ ಈ ಕಲ್ಪನೆ ತೀರ ಅಪರಿಚಿತವೆನಿಸದು. ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದನ್ನು ಇವರು ಜೀವಕೋಶದಲ್ಲಿ ಮಾಡಿದರು. ಕಲ್ಲಿನ ಮಕರ ಯಾರನ್ನೂ ಕಚ್ಚುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಈ ಚಿಕಿತ್ಸೆ ರಕ್ತದ ಕ್ಯಾನ್ಸರಿನಲ್ಲಿ ಪಡೆದ ಜಯ ಲೋಕವಿಖ್ಯಾತ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಎರಡು ಸಲ ಮರುಕಳಿಸಿದ ರಕ್ತಾರ್ಬುದದಿಂದ ನರಳುತ್ತಿದ್ದ ಆರು ವರ್ಷದ ಹೆಣ್ಣುಮಗುವಿಗೆ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ಅವರ ತಂಡ ಸಿದ್ಧಪಡಿಸಿದ ಕಣಗಳನ್ನು ಕೊಟ್ಟರು. ಮಗು ಸಾವಿನ ಬಾಗಿಲವರೆಗೆ ಹೋಯಿತು. ಹೊಸ ಕಣಗಳು ಎಬ್ಬಿಸಿದ ಉರಿಯೂತವೇ ಅದಕ್ಕೆ ಕಾರಣ. ಸಂಧಿವಾತಕ್ಕೆಂದು ಇದ್ದ ಔಷಧವೊಂದು ಆ ಉರಿಯನ್ನು ತಣಿಸಿತು. ಮಗು ಎದ್ದು ಕುಳಿತಿತು. ಹತ್ತು ವರ್ಷಗಳು ಕಳೆದ ಮೇಲೂ ಆ ರೋಗ ಮರಳಿರಲಿಲ್ಲ. 2017ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರ ಈ ಚಿಕಿತ್ಸೆಗೆ ಅನುಮತಿಯಿತ್ತಿತು. ಬೆಲೆ 4,75,000 ಡಾಲರು.

ಪತ್ರಿಕೆಗಳು ಇಲ್ಲಿಗೆ ಕಥೆಯನ್ನು ನಿಲ್ಲಿಸುತ್ತವೆ. ನಿಜವಾದ ಕಥೆ ಮೊದಲಾಗುವುದು ಇಲ್ಲಿಂದಲೇ. ಏಕೆಂದರೆ ಮನುಷ್ಯರನ್ನು ಕೊಲ್ಲುವ ಕ್ಯಾನ್ಸರುಗಳಲ್ಲಿ ಬಹುಪಾಲು ರಕ್ತದವಲ್ಲ. ಸ್ತನ, ಶ್ವಾಸಕೋಶ, ಜಠರ, ಕರುಳು, ಗರ್ಭಕೊರಳು, ಬಾಯಿ, ಮೆದುಳುಗಳಲ್ಲಿ ಗಟ್ಟಿಯಾಗಿ ಬೆಳೆಯುವ ಘನಾರ್ಬುದಗಳು. ರಕ್ತದ ರೋಗ ಹರಿಯುವ ನೀರಿನಲ್ಲಿದ್ದಂತೆ. ಬಿಟ್ಟ ಕಣ ಒಡನೆಯೇ ಅದನ್ನು ಸಂಧಿಸುತ್ತದೆ. ಅಲ್ಲಿ ಶತ್ರುವಿನ ಮೈಮೇಲಿರುವ ಗುರುತೂ ಅನುಕೂಲವಾದದ್ದು. ಬಿ-ಕೋಶಗಳೆಲ್ಲದರ ಮೇಲೂ ಸಿಡಿ-19 ಎಂಬ ಪ್ರೋಟೀನು ಇರುತ್ತದೆ. ಕೆಟ್ಟವುಗಳ ಸಂಗಡ ಒಳ್ಳೆಯ ಬಿ-ಕೋಶಗಳೂ ಸತ್ತರೆ, ಅವುಗಳ ಕೊರತೆಯನ್ನು ಹೊರಗಿನಿಂದ ಪ್ರತಿಕಾಯಗಳನ್ನು ಕೊಟ್ಟು ತುಂಬಬಹುದು. ಶ್ವಾಸಕೋಶಕ್ಕೆ ಹಾಗೆ ಬದಲಿ ಎಲ್ಲಿದೆ? ಹೃದಯಕ್ಕೆ ಎಲ್ಲಿದೆ? ಘನಾರ್ಬುದದ ಮೇಲಿರುವ ಗುರುತುಗಳು ಬಹುಮಟ್ಟಿಗೆ ಆರೋಗ್ಯವಂತ ಅಂಗಗಳ ಮೇಲೂ ಇರುತ್ತವೆ. ಮೇಲಾಗಿ ಒಂದೇ ಗಡ್ಡೆಯೊಳಗಿನ ಕೋಶಗಳೆಲ್ಲ ಒಂದೇ ವೇಷದವಲ್ಲ. ಗುರುತುಳ್ಳವನ್ನು ಕೊಂದರೆ ಗುರುತಿಲ್ಲದವು ಉಳಿದು ಮತ್ತೆ ಗಡ್ಡೆಯನ್ನು ಕಟ್ಟುತ್ತವೆ.

ಗಡ್ಡೆಯ ಒಳನಾಡಂತೂ ಬೇರೆಯೇ ಲೋಕ. ಸುತ್ತಲೂ ಕೊಲಾಜನ್ ನಾರುಗಳ ಗೋಡೆ. ಒಳಗೆ ವಕ್ರವಾಗಿ ಬೆಳೆದ ರಕ್ತನಾಳಗಳು. ಪ್ರಾಣವಾಯುವಿನ ಅಭಾವ, ಆಮ್ಲದ ಆಧಿಕ್ಯ. ಅದರ ಮೇಲೆ ಅರ್ಬುದವು ಕಾವಲು ಕಣಗಳನ್ನು ಮಂಕಾಗಿಸುವ ಸಂಕೇತಗಳನ್ನು ಹೊರಡಿಸುತ್ತದೆ. ದೇಹದ ಕೆಲವು ಕಣಗಳನ್ನು ತನ್ನ ಪಕ್ಷಕ್ಕೂ ಒಲಿಸಿಕೊಳ್ಳುತ್ತದೆ. ದಾಳಿಗೆಂದು ಒಳಹೊಕ್ಕ ಟಿ-ಕೋಶ ದಿನಗಳೆದಂತೆ ದಣಿಯುತ್ತದೆ. ಬದುಕಿರುತ್ತದೆ, ಶತ್ರುವಿನ ಪಕ್ಕದಲ್ಲಿಯೇ ಇರುತ್ತದೆ, ಆದರೆ ಕೈಯೆತ್ತದು. ಈ ಸ್ಥಿತಿಗೆ ವಿಜ್ಞಾನಿಗಳು ‘ಬಳಲಿಕೆ’ ಎಂಬ ಅರ್ಥದ ಸಾದಾ ಶಬ್ದವನ್ನೇ ಇಟ್ಟಿರುವುದು ಮೆಚ್ಚತಕ್ಕದ್ದು. ಅಂಡಾಶಯದ ಕ್ಯಾನ್ಸರಿನ 14 ಮಂದಿ ಸ್ತ್ರೀಯರಿಗೆ ಇಂತಹ ಕಣಗಳನ್ನು ಕೊಟ್ಟು 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಬ್ಬರ ಗಡ್ಡೆಯೂ ಕುಗ್ಗಿರಲಿಲ್ಲ.

ಕುಗ್ಗದಿದ್ದರೆ ಅದೊಂದು ನಿರಾಶೆ. ಅದಕ್ಕಿಂತ ಘೋರವಾದದ್ದೂ ನಡೆಯಿತು. ಕರುಳಿನ ಕ್ಯಾನ್ಸರು ಹರಡಿದ್ದ ಒಬ್ಬ ರೋಗಿಗೆ ಹರ್-2 ಎಂಬ ಗುರುತನ್ನು ಹಿಡಿಯುವ 1,000 ಕೋಟಿ ಕಣಗಳನ್ನು ಕೊಟ್ಟರು. ಪ್ರಾಚೀನರ ಎಣಿಕೆಯಲ್ಲಿ ಹೇಳುವುದಾದರೆ ನೂರು ಅರ್ಬುದ. ಹದಿನೈದು ನಿಮಿಷಗಳಲ್ಲಿ ಉಸಿರಾಟ ಕಷ್ಟವಾಯಿತು. ಐದು ದಿನಗಳಲ್ಲಿ ಪ್ರಾಣ ಹೋಯಿತು. ಶ್ವಾಸಕೋಶದ ಪೊರೆಯ ಮೇಲೆ ಅತ್ಯಲ್ಪ ಪ್ರಮಾಣದಲ್ಲಿದ್ದ ಅದೇ ಗುರುತನ್ನು ಆ ಕಣಗಳು ಶತ್ರುವೆಂದು ಭಾವಿಸಿದ್ದಿರಬೇಕೆಂದು 2010ರ ವರದಿ ಹೇಳುತ್ತದೆ. 2013ರಲ್ಲಿ ಪ್ರಕಟವಾದ ಮತ್ತೊಂದು ವರದಿ ಇನ್ನೂ ಮನನೀಯವಾದದ್ದು. ಮೇಜ್-ಎ3 ಎಂಬ ಕ್ಯಾನ್ಸರ್ ಪ್ರೋಟೀನನ್ನು ಗುರುತಿಸುವಂತೆ ಹರಿತಗೊಳಿಸಿದ ಕಣಗಳನ್ನು ಪಡೆದ ಮೊದಲ ಇಬ್ಬರೂ ಹೃದಯ ವಿಫಲವಾಗಿ ಕೆಲವೇ ದಿನಗಳಲ್ಲಿ ಮೃತರಾದರು. ಹೃದಯದಲ್ಲಿ ಮೇಜ್-ಎ3 ಇರಲಿಲ್ಲ. ಆದರೆ ಹೃದಯಸ್ನಾಯುವಿನ ಟೈಟಿನ್ ಎಂಬ ಬೇರೊಂದು ಪ್ರೋಟೀನಿನ ಒಂದು ತುಣುಕು ಅದಕ್ಕೆ ಸದೃಶವಾಗಿತ್ತು. ಚಿಕಿತ್ಸೆಗೆ ಮುನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹೃದಯಕೋಶಗಳ ಮೇಲೆ ಪರೀಕ್ಷೆ ಮಾಡಿರಲಿಲ್ಲವೆಂದಲ್ಲ, ಮಾಡಿದ್ದರು. ಆ ಕೋಶಗಳು ಮಿಡಿಯುತ್ತಿರಲಿಲ್ಲ. ಮಿಡಿಯದ ಕೋಶದಲ್ಲಿ ಟೈಟಿನ್ ತೋರಲಿಲ್ಲ. ತರುವಾಯ ಮಿಡಿಯುವ ಹೃದಯಕೋಶಗಳನ್ನು ಬೆಳೆಸಿ ನೋಡಿದಾಗಲೇ ತಪ್ಪು ಬಯಲಾದದ್ದು.

ಪ್ರಯೋಗಶಾಲೆಯ ತಿಳಿವನ್ನು ರೋಗಿಯ ಹಾಸಿಗೆಯವರೆಗೆ ಸಾಗಿಸುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಟ್ರಾನ್ಸ್‌ಲೇಷನಲ್ ರಿಸರ್ಚ್’ ಎನ್ನುತ್ತಾರೆ. ಯಾರಾದರೂ ಅವಸರದಲ್ಲಿ ‘ಭಾಷಾಂತರ ಸಂಶೋಧನೆ’ ಎಂದು ಕನ್ನಡಿಸಿದರೆ ಬಲ್ಲವರು ನಕ್ಕಾರು. ನಗುವಂತಹುದೇ ಸರಿ, ಆದರೂ ಆ ತಪ್ಪಿನಲ್ಲಿ ಒಂದು ಒಪ್ಪು ಅಡಗಿದೆ. ಒಂದು ಪದ್ಯವನ್ನು ಸಂಸ್ಕೃತದಿಂದ ಕನ್ನಡಕ್ಕೆ ತಂದವನಿಗೆ, ಮೂಲದ ಅರ್ಥ ಬಂದೆಡೆ ನಾದ ಬಾರದೆಂಬುದೂ, ನಾದ ಬಂದೆಡೆ ಧ್ವನಿ ಜಾರುವುದೆಂಬುದೂ ಗೊತ್ತು. ಇಲಿಯಲ್ಲಿ ಕರಗಿದ ಗಡ್ಡೆ ಮನುಷ್ಯನಲ್ಲಿ ಕರಗದಿರುವುದು ಇದೇ ಬಗೆಯ ಸಂಕಟ. ಇಲಿಯ ಗಡ್ಡೆ ಕೆಲವೇ ವಾರಗಳ ಬೆಳೆ. ಮನುಷ್ಯನದು ಎಷ್ಟೋ ವರ್ಷಗಳದು. ಭಾಷಾಂತರಕಾರನ ತಪ್ಪಿಗೆ ಪ್ರಾಯಶ್ಚಿತ್ತ ಎರಡನೆಯ ಮುದ್ರಣ. ಇಲ್ಲಿ ಹಾಗಿಲ್ಲ. ಆದುದರಿಂದಲೇ ಆ ಎರಡು ವರದಿಗಳನ್ನು ಬರೆದ ವೈದ್ಯರನ್ನು ಗೌರವದಿಂದ ನೆನೆಯಬೇಕು. ಅವರು ಸಾವನ್ನು ಮುಚ್ಚಿಡಲಿಲ್ಲ. ದಿನ, ಗಂಟೆ, ಪ್ರಮಾಣಗಳ ಸಮೇತ ಲೋಕದ ಮುಂದಿಟ್ಟರು. ಮುಂದೆ ಬಂದವರೆಲ್ಲ ಆ ದೀಪದ ಬೆಳಕಿನಲ್ಲೇ ನಡೆದಿದ್ದಾರೆ.

ನಡೆದು ಎಲ್ಲಿಗೆ ಮುಟ್ಟಿದ್ದಾರೆ? 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮೆಲನೋಮಕ್ಕೆ ಲೈಫಿಲ್ಯೂಸೆಲ್ ಎಂಬ ಚಿಕಿತ್ಸೆ ಅನುಮತಿ ಪಡೆಯಿತು. ರೋಸೆನ್‌ಬರ್ಗ್ 1988ರಲ್ಲಿ ಮಾಡಿದ ಕ್ರಮವೇ ಅದು. ಮನೆಯಿಂದ ಅಂಗಡಿಗೆ ಬರಲು 36 ವರ್ಷ ಹಿಡಿಯಿತು. 73 ಮಂದಿಯಲ್ಲಿ ನೂರಕ್ಕೆ 31.5ರಷ್ಟು ಮಂದಿಯ ಗಡ್ಡೆಗಳು ಗಣನೀಯವಾಗಿ ಕುಗ್ಗಿದವು. ಅದೇ ವರ್ಷದ ಆಗಸ್ಟಿನಲ್ಲಿ, ಕೀಲುಗಳ ಬಳಿ ಬೆಳೆಯುವ ಸೈನೋವಿಯಲ್ ಸಾರ್ಕೋಮವೆಂಬ ಅಪರೂಪದ ಅರ್ಬುದಕ್ಕೆ ಅಫಾಮಿ-ಸೆಲ್ ಬಂದಿತು. ಜೀನನ್ನು ತಿದ್ದಿದ ಟಿ-ಕೋಶ ಘನಾರ್ಬುದವೊಂದಕ್ಕೆ ಅಧಿಕೃತ ಔಷಧವಾದದ್ದು ಆಗಲೇ ಮೊದಲು. 44 ಮಂದಿಯಲ್ಲಿ ನೂರಕ್ಕೆ 43ರಷ್ಟು ಮಂದಿಗೆ ಅದು ಫಲ ಕೊಟ್ಟಿತು. ಮಕ್ಕಳ ಮೆದುಳುಕಾಂಡದಲ್ಲಿ ಹುಟ್ಟುವ, ಅದುವರೆಗೆ ಮದ್ದೇ ಇಲ್ಲದಿದ್ದ ಗಡ್ಡೆಗೆ ಸ್ಟ್ಯಾನ್‌ಫರ್ಡಿನ ಮಿಶೆಲ್ ಮೊಂಜೆ ಮತ್ತು ಕ್ರಿಸ್ಟಲ್ ಮ್ಯಾಕಲ್ ಅವರು ಕಣಗಳನ್ನು ಮೆದುಳಿನ ದ್ರವದ ಕುಹರಕ್ಕೇ ನೇರವಾಗಿ ಬಿಟ್ಟು ನೋಡಿದರು. 2024ರ ಅವರ ವರದಿಯಂತೆ 11 ಮಂದಿಯಲ್ಲಿ ನಾಲ್ವರ ಗಡ್ಡೆ ಅರ್ಧಕ್ಕಿಂತಲೂ ಹೆಚ್ಚು ಕರಗಿತು. ಅವರಲ್ಲೊಬ್ಬನದು ಪೂರ್ತಿ ಮಾಯವಾಯಿತು.

ಚೀನದ ಬೀಜಿಂಗಿನ ವೈದ್ಯರು 2025ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಪ್ರತ್ಯೇಕವಾಗಿ ನೋಡಬೇಕು. ಜಠರದ ಕ್ಯಾನ್ಸರು ಎಲ್ಲ ಮದ್ದುಗಳನ್ನೂ ಮೀರಿ ಬೆಳೆದಿದ್ದ 156 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕ್ಲಾಡಿನ್ 18.2 ಎಂಬ ಗುರುತನ್ನು ಹಿಡಿಯುವ ಕಾರ್-ಟಿ ಕಣಗಳನ್ನೂ ಇನ್ನೊಂದಕ್ಕೆ ವೈದ್ಯರು ಆರಿಸಿದ ರೂಢಿಯ ಔಷಧವನ್ನೂ ನಿಗದಿಪಡಿಸಿದರು. ಘನಾರ್ಬುದದಲ್ಲಿ ಕಾರ್-ಟಿ ಹೀಗೆ ಸಮನಾದ ಕಣದಲ್ಲಿ ಸ್ಪರ್ಧಿಸಿದ್ದು ಅದೇ ಮೊದಲು. ರೂಢಿಯ ಔಷಧದ ಗುಂಪಿನಲ್ಲಿ ಮಧ್ಯಮ ಆಯುಸ್ಸು 5.49 ತಿಂಗಳು, ಹೊಸ ಚಿಕಿತ್ಸೆಯ ಗುಂಪಿನಲ್ಲಿ 7.92. ಅಂತರ ಎರಡೂವರೆ ತಿಂಗಳಿಗೂ ಕಡಿಮೆ. ತೀವ್ರ ಸ್ವರೂಪದ ದುಷ್ಪರಿಣಾಮಗಳು ಹೆಚ್ಚುಕಡಿಮೆ ಎಲ್ಲರಿಗೂ. ಇದನ್ನು ಜಯವೆನ್ನಬೇಕೆ, ಸೋಲೆನ್ನಬೇಕೆ? ದಾರಿ ಇದೆಯೆಂಬುದಕ್ಕೆ ಇದು ಪ್ರಮಾಣ; ಊರು ಮುಟ್ಟಿದ್ದಕ್ಕೆ ಪ್ರಮಾಣವಲ್ಲ. ಎರಡೂವರೆ ತಿಂಗಳನ್ನು ಹೀಗಳೆಯುವ ಅಧಿಕಾರ ಆರೋಗ್ಯವಂತರಿಗಿಲ್ಲ. ಅದನ್ನು ಸಂಜೀವಿನಿಯೆಂದು ಮಾರುವ ಅಧಿಕಾರ ಯಾರಿಗೂ ಇಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು: ರಕ್ತದ ಕ್ಯಾನ್ಸರಿಗೆ ಕಾರ್-ಟಿ ಪಡೆದ ಕೆಲವರಲ್ಲಿ ಟಿ-ಕೋಶಗಳದೇ ಹೊಸ ಕ್ಯಾನ್ಸರು ಕಾಣಿಸಿಕೊಂಡುದರಿಂದ, 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ವಿಷಯವನ್ನು ಔಷಧದ ವಿವರಪತ್ರದಲ್ಲಿ ಎದ್ದುಕಾಣುವಂತೆ ಮುದ್ರಿಸಲು ಹೇಳಿತು. ಅಪಾಯ ವಿರಳ, ಆದರೂ ಮುದ್ರಿಸಿದರು.

ಭಾರತದ ಸ್ಥಿತಿಯೇನು? ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಕೂಡಿ ರೂಪಿಸಿದ ನೆಕ್ಸ್‌ಕಾರ್-19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆ ಮಾಡಿದರು. ವಿದೇಶದಲ್ಲಿ ಕೋಟಿಗಳಲ್ಲಿದ್ದ ಬೆಲೆ ಇಲ್ಲಿ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್-ಶಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನದ ಆಸ್ಪತ್ರೆಯಿಂದ ತಂದ ವಿದ್ಯೆಯ ಆಧಾರದ ಮೇಲೆ ಮತ್ತೊಂದು ಚಿಕಿತ್ಸೆಯನ್ನು 2025ರ ಆರಂಭದಲ್ಲಿ ಬಳಕೆಗೆ ತಂದಿತು. ಕನ್ನಡನಾಡು ಹೆಮ್ಮೆಪಡತಕ್ಕ ಸಂಗತಿಯಿದು. ಆದರೆ ಈ ಎರಡೂ ರಕ್ತಸಂಬಂಧಿಯಾದ ಕ್ಯಾನ್ಸರುಗಳಿಗೆ ಮಾತ್ರ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಹೊಸದಾಗಿ ಕ್ಯಾನ್ಸರಿಗೆ ಗುರಿಯಾದವರು ಸುಮಾರು 14 ಲಕ್ಷ ಮಂದಿ; ಅವುಗಳಲ್ಲಿ ಮೊದಲ ಮೂರು ಸ್ಥಾನಗಳು ಸ್ತನ, ಬಾಯಿ, ಗರ್ಭಕೊರಳುಗಳಿಗೆ. ಮೂರೂ ಘನಾರ್ಬುದಗಳೇ.

ಪರದೇಶದವರು ಕಂಡುಹಿಡಿಯಲಿ, ಆಮೇಲೆ ತರಿಸಿಕೊಂಡರಾಯಿತೆಂಬ ವಾದವೊಂದುಂಟು. ಈ ವಿಷಯದಲ್ಲಿ ಅದು ನಿಲ್ಲದು. ಅಫಾಮಿ-ಸೆಲ್ ಕೆಲಸ ಮಾಡಬೇಕಾದರೆ ರೋಗಿಯ ಕೋಶಗಳಲ್ಲಿ ಎಚ್‌ಎಲ್‌ಎ-ಎ2 ಎಂಬ ವಂಶಗತವಾದ ಗುರುತಿನ ಕೆಲವು ನಿರ್ದಿಷ್ಟ ಭೇದಗಳಿರಬೇಕು. ಆ ಭೇದಗಳು ಎಲ್ಲ ಜನಾಂಗಗಳಲ್ಲಿ ಸಮಪ್ರಮಾಣದಲ್ಲಿಲ್ಲ. ತಂಬಾಕು ಅಡಕೆಗಳನ್ನು ದವಡೆಯಲ್ಲಿಟ್ಟು ಬಂದ ಬಾಯಿಯ ಕ್ಯಾನ್ಸರು ಅಮೆರಿಕದ ಕಂಪನಿಯೊಂದರ ಮೊದಲ ಚಿಂತೆಯಾಗುವುದೆಂದು ನಿರೀಕ್ಷಿಸುವುದೂ ವ್ಯರ್ಥ. ಆ ಗಡ್ಡೆಯ ತುಣುಕುಗಳನ್ನು ಜೋಪಾನ ಮಾಡಿ, ಅದರ ಗುರುತುಗಳನ್ನು ಹುಡುಕಿ, ಅದಕ್ಕೆ ತಕ್ಕ ಕಣವನ್ನು ಕಟ್ಟುವ ಕೆಲಸ ಈ ದೇಶದ ಆಸ್ಪತ್ರೆಗಳಲ್ಲಿಯೇ, ಈ ದೇಶದ ರೋಗಿಗಳ ಸಮ್ಮತಿಯೊಡನೆಯೇ ನಡೆಯಬೇಕು.

ಅದಕ್ಕೆ ಧನ ಬೇಕು, ಧನಕ್ಕಿಂತ ಹೆಚ್ಚಾಗಿ ತಾಳ್ಮೆಯ ಧನ ಬೇಕು. ದಾನಿಗಳ ಔದಾರ್ಯಕ್ಕೆ ಈ ನಾಡಿನಲ್ಲಿ ಬರವಿಲ್ಲ. ಇಂತಹ ಸಂಪುಟಗಳ ಕೊನೆಯ ಪುಟಗಳೇ ಅದಕ್ಕೆ ಸಾಕ್ಷಿ. ಆದರೆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಕೊಡುವ ಕೈ, ಅದರೊಳಗೆ ಹತ್ತು ವರ್ಷ ಫಲ ಕಾಣದೆ ದುಡಿಯುವವನ ಸಂಬಳಕ್ಕೆ ಹಿಂಜರಿಯುವುದನ್ನು ಅಲ್ಲಗಳೆಯಲಾಗದು. ಕಟ್ಟಡಕ್ಕೆ ಅಮೃತಶಿಲೆಯ ಹಲಗೆ ಹಚ್ಚಬಹುದು. ಫಲಿಸದ ಪ್ರಯೋಗಕ್ಕೆ ಎಲ್ಲಿ ಹಚ್ಚುವುದು? ರೋಗಿಯ ರಕ್ತದಿಂದ ಕಣಗಳನ್ನು ಬೇರ್ಪಡಿಸುವ ಯಂತ್ರ, ಅದನ್ನು ನಡೆಸಲು ತರಬೇತಿ ಪಡೆದ ದಾದಿ, ಚಿಕಿತ್ಸೆಯ ತರುವಾಯ ಹದಿನೈದು ವರ್ಷ ರೋಗಿಯ ಮನೆಗೆ ಪತ್ರ ಬರೆದು ಕ್ಷೇಮ ವಿಚಾರಿಸುವ ಗುಮಾಸ್ತ, ಇವರಿಗೆ ಕೊಟ್ಟ ಹಣ ಕಣ್ಣಿಗೆ ಕಾಣುವುದಿಲ್ಲ. ಈ ವಿದ್ಯೆ ನಿಂತಿರುವುದು ಅಂತಹ ಹಣದ ಮೇಲೆಯೇ. ಅಧ್ಯಾಪಕರಿಗೂ ಇಲ್ಲಿ ಪಾಲುಂಟು. ಜೀವಶಾಸ್ತ್ರದ ಪಾಠದಲ್ಲಿ ಗೆದ್ದವರ ಹೆಸರುಗಳಷ್ಟನ್ನೇ ಬಾಯಿಪಾಠ ಮಾಡಿಸದೆ, ಮಿಡಿಯದ ಹೃದಯಕೋಶದ ಕಥೆಯನ್ನೂ ಹೇಳಬೇಕು. ಶಾಲೆಯ ಗೇಟಿನೆದುರು ತೂಗುವ ಗುಟಕಾ ಚೀಟಿಗಳ ಸರವನ್ನು ತೆಗೆಸಲು ಯಾವ ಕಾರ್-ಟಿಯೂ ಬೇಕಿಲ್ಲವೆಂಬುದನ್ನು ಅವರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯರು 2025ರಲ್ಲಿ ಹಳೆಯ ಲೆಕ್ಕವೊಂದನ್ನು ಬಿಚ್ಚಿ ತೋರಿಸಿದರು. ಎಳೆಯ ನರಕೋಶಗಳಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮವೆಂಬ ಘನಾರ್ಬುದವಿದ್ದ 19 ಮಕ್ಕಳಿಗೆ 2004ರಿಂದ 2009ರ ನಡುವೆ ಅವರು ಕಾರ್-ಟಿ ಕಣಗಳನ್ನು ಕೊಟ್ಟಿದ್ದರು. ಇಂದಿನ ಕಣಗಳಿಗೆ ಹೋಲಿಸಿದರೆ ಅವು ತೀರ ಮೊದಲನೆಯ ತಲೆಮಾರಿನವು, ಬಲವರ್ಧಕ ಭಾಗಗಳಿಲ್ಲದವು. ಅವರಲ್ಲಿ ಹನ್ನೆರಡು ಮಂದಿ ಅದೇ ರೋಗ ಮರುಕಳಿಸಿ ತೀರಿಕೊಂಡರು. ಚಿಕಿತ್ಸೆಯ ಕಾಲಕ್ಕೆ ಮೈಯಲ್ಲಿ ರೋಗವಿದ್ದೂ ಪೂರ್ಣ ಗುಣ ಹೊಂದಿದವರಲ್ಲಿ ಒಬ್ಬಳು, ಬೇರಾವ ಮದ್ದೂ ಇಲ್ಲದೆ ಹದಿನೆಂಟು ವರ್ಷಗಳನ್ನು ದಾಟಿದ್ದಾಳೆ. ಬೆಳೆದು ದೊಡ್ಡವಳಾಗಿ ತಾಯಿಯೂ ಆಗಿದ್ದಾಳೆ. ಉಳಿದ ಮಕ್ಕಳಲ್ಲಿ ಮಾಡಲಾರದ್ದನ್ನು ಆ ಕಣಗಳು ಅವಳಲ್ಲಿ ಹೇಗೆ ಮಾಡಿದವೆಂಬುದನ್ನು ವೈದ್ಯರು ಇಂದಿಗೂ ಹುಡುಕುತ್ತಿದ್ದಾರೆ.